ಮಿಕೆನೊ ಪರ್ವತದ ಕಿಟಕಿ

ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕಿನ ಪಶ್ಚಿಮ ಪಾರ್ಶ್ವದಲ್ಲಿರುವ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ ಎಂಬ ಮಹಾಸಂಸ್ಥೆಯಲ್ಲಿ, ಹೊರಗಿನ ಬೆಳಕನ್ನು ಬೇಕೆಂದೇ ತಡೆದು ಮಂದಾಂಧಕಾರದಲ್ಲಿ ಇರಿಸಿದ ವಿಶಾಲವಾದೊಂದು ಸಭಾಂಗಣವುಂಟು. ಅದರ ಮಧ್ಯದಲ್ಲಿ ಎಂಟು ಆನೆಗಳ ಹಿಂಡು ಯಾವುದೋ ಅಪಾಯದ ವಾಸನೆ ಹಿಡಿದ ಭಂಗಿಯಲ್ಲಿ ನಿಂತಿದೆ. ಸುತ್ತಲಿನ ಗೋಡೆಗಳಲ್ಲಿ ಎರಡು ಅಂತಸ್ತುಗಳಾಗಿ 28 ಗಾಜಿನ ಕಿಟಕಿಗಳು ಒಳಗಿನಿಂದ ಬೆಳಗುತ್ತಿವೆ. ಆ ಒಂದೊಂದು ಕಿಟಕಿಯ ಆಚೆಗೂ ಆಫ್ರಿಕ ಖಂಡದ ಒಂದೊಂದು ಪ್ರದೇಶ ತನ್ನ ಮೃಗಗಳೊಡನೆ, ತನ್ನ ಗಿಡಮರಗಳೊಡನೆ, ತನ್ನದೇ ಆದ ಆಕಾಶದೊಡನೆ ಮೈದೋರಿದೆ. ಅವುಗಳಲ್ಲೊಂದರಲ್ಲಿ ಪರ್ವತಗೊರಿಲ್ಲಗಳ ಸಂಸಾರವಿದೆ. ದಟ್ಟವಾದ ಹಸುರಿನ ನಡುವೆ ಭಾರಿ ಗಂಡೊಂದು ಎದ್ದು ನಿಂತು ಎದೆ ಬಡಿದುಕೊಳ್ಳುತ್ತಿದೆ. ಅದರ ಪರಿವಾರದವು ಎಲೆಗಳ ನಡುವೆ ತಮ್ಮ ಪಾಡಿಗೆ ತಾವಿವೆ. ಅವುಗಳ ಬೆನ್ನ ಹಿಂದೆ ಕಣಿವೆ ಕೆಳಗಿಳಿದು, ದೂರದಲ್ಲಿ ಅಗ್ನಿಪರ್ವತಗಳು ಹೊಗೆಯಾಡುತ್ತಿವೆ.

ನೋಡಿದವರು ಇದನ್ನು ಆಫ್ರಿಕದ ಕಾಡು ಎಂದು ಹೇಳಿ ಮುಂದೆ ಸಾಗಬಹುದು. ಕಟ್ಟಿದವರು ಮಾತ್ರ ಅಷ್ಟಕ್ಕೆ ಒಪ್ಪುತ್ತಿರಲಿಲ್ಲ. ಅವರ ಪಾಲಿಗೆ ಇದು ಕಾಂಗೊ ದೇಶದ ಪೂರ್ವದ ಅಂಚಿನಲ್ಲಿ 4,437 ಮೀಟರುಗಳಷ್ಟು ಎತ್ತರಕ್ಕೆ ಏರಿರುವ ಮಿಕೆನೊ ಎಂಬ ಪರ್ವತದ ಒಂದು ನಿರ್ದಿಷ್ಟ ಇಳಿಜಾರು. ಇಂಥ ಕಡೆ ನಿಂತು ಇಂಥ ದಿಕ್ಕಿಗೆ ಮುಖಮಾಡಿದವನಿಗೆ ಕಾಣುವ ನೋಟ. ಅದರಲ್ಲಿ ಒಂದು ಗಿಡ ಹೆಚ್ಚಾಗಬಾರದು, ಒಂದು ಬೆಟ್ಟ ಕದಲಬಾರದು. ಈ ಹಟದಿಂದಲೇ ಆ ಕಿಟಕಿ ಹುಟ್ಟಿತು, ಮತ್ತು ಅದು ಹುಟ್ಟಿದ ರೀತಿಯನ್ನು ಹಿಂಬಾಲಿಸಿ ನೋಡಿದಷ್ಟೂ, ಮನುಷ್ಯನ ಕೈಗೆಲಸವು ಸತ್ಯಕ್ಕೆ ಎಷ್ಟರಮಟ್ಟಿಗೆ ವಿಧೇಯವಾಗಬಲ್ಲುದು ಎಂಬುದರ ಬಗೆಗೆ ನನ್ನ ಗೌರವ ಬೆಳೆಯುತ್ತ ಬಂದಿದೆ.

ಹತ್ತೊಂಬತ್ತನೆಯ ಶತಮಾನದ ವಸ್ತುಸಂಗ್ರಹಾಲಯಗಳಲ್ಲಿ ಪ್ರಾಣಿಗಳನ್ನು ಸಾಲಾಗಿ ನಿಲ್ಲಿಸುವುದೇ ರೂಢಿಯಾಗಿತ್ತು. ಹುಲಿಯ ಪಕ್ಕದಲ್ಲಿ ಸಿಂಹ, ಸಿಂಹದ ಪಕ್ಕದಲ್ಲಿ ಚಿರತೆ, ಕಾಲ ಕೆಳಗೆ ಮೆರುಗೆಣ್ಣೆ ಬಳಿದ ಹಲಗೆ, ಹಲಗೆಯ ಮೇಲೆ ಲ್ಯಾಟಿನ್ ನಾಮಧೇಯ. ಆ ಮೃಗ ಎಲ್ಲಿ ಹುಟ್ಟಿತು, ಏನನ್ನು ಮೇಯ್ದು ಯಾವ ನೆರಳಿನಲ್ಲಿ ಮಲಗಿತು ಎಂಬುದೊಂದೂ ಅಲ್ಲಿ ತಿಳಿಯುತ್ತಿರಲಿಲ್ಲ. ಈ ಜಡತೆಯನ್ನು ಮುರಿಯುವ ಯತ್ನ ಹಲವು ಕಡೆ ಬಿಡಿಬಿಡಿಯಾಗಿ ಆರಂಭವಾಯಿತು. 1874ರಲ್ಲಿ ಇಂಗ್ಲೆಂಡಿನ ಬ್ರೈಟನ್ ಊರಿನಲ್ಲಿ ಎಡ್ವರ್ಡ್ ಬೂತ್ ಎಂಬಾತ ಬ್ರಿಟನ್ನಿನ ಹಕ್ಕಿಗಳನ್ನು ಅವುಗಳ ಬಂಡೆ, ಜೌಗು, ಮರಳುದಿಬ್ಬಗಳ ಸನ್ನಿವೇಶದೊಡನೆ ಪೆಟ್ಟಿಗೆಗಳಲ್ಲಿ ಜೋಡಿಸಿ ತೋರಿಸಿದನು. 1893ರಲ್ಲಿ ಸ್ಟಾಕ್‌ಹೋಮಿನಲ್ಲಿ ಗುಸ್ತಾಫ್ ಕೋಲ್ಟ್‌ಹಾಫ್ ಎಂಬ ಪ್ರಾಣಿಪ್ರಿಯನು ಬ್ರೂನೊ ಲಿಲಿಯೆಫೋರ್ಸ್ ಎಂಬ ಪ್ರಸಿದ್ಧ ಚಿತ್ರಕಾರನ ನೆರವಿನಿಂದ ಒಂದು ಕಟ್ಟಡವನ್ನೇ ಎಬ್ಬಿಸಿ, ನಡುವಿನ ಮೆಟ್ಟಿಲೇರಿ ನಿಂತವನ ಸುತ್ತಲೂ ಉತ್ತರದೇಶದ ಪ್ರಕೃತಿ ಆವರಿಸಿಕೊಳ್ಳುವಂತೆ ಮಾಡಿದನು. ಆದರೆ ಈ ಕಲೆಯನ್ನು ಅದರ ತುದಿಯವರೆಗೆ ಒಯ್ದವನು ಕಾರ್ಲ್ ಏಕ್ಲಿ.

ನ್ಯೂಯಾರ್ಕ್ ರಾಜ್ಯದ ಒಂದು ಹಳ್ಳಿಗಾಡಿನಲ್ಲಿ 1864ರ ಮೇ 19ರಂದು ರೈತ ಕುಟುಂಬವೊಂದರಲ್ಲಿ ಹುಟ್ಟಿದ ಈತ, ತಾರುಣ್ಯದಲ್ಲಿಯೇ ರಾಚೆಸ್ಟರಿನ ವಾರ್ಡ್ ಎಂಬವರ ಕಾರ್ಯಾಗಾರವನ್ನು ಸೇರಿದನು. ಸತ್ತ ಪ್ರಾಣಿಗಳ ಚರ್ಮವನ್ನು ಹದಗೊಳಿಸಿ, ತುಂಬಿ, ವಸ್ತುಸಂಗ್ರಹಾಲಯಗಳಿಗೆ ಒದಗಿಸುವುದು ಆ ಕಾರ್ಯಾಗಾರದ ಉದ್ಯಮ. 1885ರಲ್ಲಿ ರೈಲಿಗೆ ಸಿಕ್ಕಿ ಸತ್ತ ಜಂಬೊ ಎಂಬ ಜಗತ್ಪ್ರಸಿದ್ಧ ಸರ್ಕಸ್ ಆನೆಯನ್ನು ಮತ್ತೆ ನಿಲ್ಲಿಸಿದವರಲ್ಲಿ ಏಕ್ಲಿಯೂ ಒಬ್ಬ. ಚರ್ಮದ ಚೀಲವೊಂದಕ್ಕೆ ಒಣಹುಲ್ಲನ್ನು ತುರುಕಿ, ಹೊಲಿದು, ಅದನ್ನೇ ಜಿಂಕೆಯೆಂದು ಕರೆಯುತ್ತಿದ್ದ ಆ ಕಾಲದ ಪದ್ಧತಿ ಅವನಿಗೆ ಅಸಹ್ಯವೆನಿಸಿತು. ಮೃಗದ ಮೈಯೊಳಗೆ ಸ್ನಾಯುವಿದೆ, ಸ್ನಾಯುವಿನೊಳಗೆ ಎಲುಬಿದೆ, ಎಲುಬಿನ ಕೀಲಿನಲ್ಲಿ ಚಲನೆಯಿದೆ; ಇವನ್ನೆಲ್ಲ ಅರಿಯದವನು ಚರ್ಮವನ್ನು ಮುಟ್ಟಬಾರದೆಂಬ ನಿರ್ಣಯಕ್ಕೆ ಅವನು ಬಂದನು. ಅಲ್ಲಿಂದ ಮಿಲ್ವಾಕಿಗೆ ಹೋಗಿ, 1890ರಲ್ಲಿ ಅಲ್ಲಿನ ವಸ್ತುಸಂಗ್ರಹಾಲಯಕ್ಕಾಗಿ ಜೌಗಿನಲ್ಲಿ ವಾಸಿಸುವ ಮಸ್ಕ್‌ರಾಟ್ ಎಂಬ ಜಲಚರ ದಂಶಕಗಳ ಬೀಡೊಂದನ್ನು ನೀರಿನ ಮೇಲ್ಗಡೆಯೂ ಒಳಗಡೆಯೂ ಏಕಕಾಲದಲ್ಲಿ ಕಾಣುವಂತೆ ನಿರ್ಮಿಸಿದನು. ಅದು ಇಂದಿಗೂ ಅಲ್ಲಿ ಪ್ರದರ್ಶನದಲ್ಲಿದೆ.

ಮುಂದೆ ಷಿಕಾಗೊ ನಗರದ ಫೀಲ್ಡ್ ಮ್ಯೂಸಿಯಮ್ಮಿನಲ್ಲಿದ್ದಾಗ ಅವನು ಕೈಗೊಂಡ ಕೆಲಸ ವರ್ಜೀನಿಯ ಜಿಂಕೆಯ ನಾಲ್ಕು ಋತುಗಳು. ಒಂದೇ ಜಾತಿಯ ಜಿಂಕೆ ವಸಂತ, ಗ್ರೀಷ್ಮ, ಶರತ್ತು, ಹೇಮಂತಗಳಲ್ಲಿ ಹೇಗೆ ಬಣ್ಣ ಬದಲಾಯಿಸುತ್ತದೆ, ಅದರ ಸುತ್ತಲಿನ ಕಾಡು ಅದರೊಡನೆ ಹೇಗೆ ವೇಷ ಪಲ್ಲಟಿಸುತ್ತದೆ ಎಂಬುದನ್ನು ನಾಲ್ಕು ಕಿಟಕಿಗಳಲ್ಲಿ ತೋರಿಸಬೇಕು. ಚಾರ್ಲ್ಸ್ ಕಾರ್ವಿನ್ ಎಂಬ ಕಲಾವಿದ ಹಿನ್ನೆಲೆಗಳನ್ನು ಬರೆದನು. ಆದರೆ ಎಲೆಗಳು? ನಿಜವಾದ ಎಲೆ ಒಣಗುತ್ತದೆ, ಸುರುಟುತ್ತದೆ, ಬಣ್ಣಗೆಡುತ್ತದೆ. ಬಟ್ಟೆಯ ಎಲೆ ಬಟ್ಟೆಯೆಂದೇ ತೋರುತ್ತದೆ. ಏಕ್ಲಿ ಜೇನುಮೇಣವನ್ನೂ ಹತ್ತಿಯನ್ನೂ ಹಿಡಿದನು. ತಾಜಾ ಎಲೆಯೊಂದರಿಂದ ಪ್ಲಾಸ್ಟರಿನ ಅಚ್ಚನ್ನು ತೆಗೆದು, ಅದರಲ್ಲಿ ಹತ್ತಿಯ ತೆಳುಪದರವನ್ನು ಕಾಸಿದ ಮೇಣದೊಡನೆ ಒತ್ತಿದರೆ, ನರನರವೂ ಮೂಡಿದ, ಬೆಳಕಿಗೆ ಅರೆಪಾರದರ್ಶಕವಾದ, ಹತ್ತಿಯ ಎಳೆಗಳಿಂದಾಗಿ ಮುರಿಯದ ಎಲೆ ಕೈಗೆ ಬರುತ್ತದೆ. ಬಳಿಕ ಅಂಚನ್ನು ಕತ್ತರಿಸಿ, ತೊಟ್ಟಿಗೆ ತಂತಿಯಿಟ್ಟು, ಬಣ್ಣ ಕೊಡಬೇಕು. ಆ ನಾಲ್ಕು ಕಿಟಕಿಗಳಿಗೆ ಬೇಕಾದ ಎಲೆಗಳು ಸುಮಾರು 17,000. ಅವುಗಳ ಬಹುಭಾಗ ಏಕ್ಲಿಯ ಮಡದಿ ಡೀಲಿಯಾ ಅವರ ಬೆರಳುಗಳಿಂದ ಬಂದದ್ದು. ವಸ್ತುಸಂಗ್ರಹಾಲಯಗಳ ಚರಿತ್ರೆಯಲ್ಲಿ ಪ್ರತಿಮೆ ನಿಲ್ಲಿಸಿದವನ ಹೆಸರು ದಪ್ಪಕ್ಷರಗಳಲ್ಲಿಯೂ ಎಲೆ ಮಾಡಿದವಳ ಹೆಸರು ಅಡಿಯಲ್ಲಿಯೂ ಬೀಳುವುದು ವಾಡಿಕೆ. ಎಲೆಯಿಲ್ಲದ ಜಿಂಕೆ ಮತ್ತೆ ಹಲಗೆಯ ಮೇಲಣ ಜಿಂಕೆಯೇ ಆಗಿಬಿಡುತ್ತಿತ್ತೆಂಬುದನ್ನು ನೆನೆದರೆ ಈ ತಾರತಮ್ಯ ನನಗೆ ಸರಿಕಾಣುವುದಿಲ್ಲ.

ಪ್ರಾಣಿಗಳ ಮೈಯನ್ನು ರೂಪಿಸಲು ಏಕ್ಲಿ ಕಂಡುಕೊಂಡ ವಿಧಾನವು ಮೂಲತಃ ಶಿಲ್ಪಿಯದು. ಉಕ್ಕು ಮರಗಳ ಒಂದು ಚೌಕಟ್ಟಿಗೆ ಅದೇ ಪ್ರಾಣಿಯ ತಲೆಬುರುಡೆಯನ್ನೂ ಕಾಲಿನ ಎಲುಬುಗಳನ್ನೂ ಜೋಡಿಸಿ, ಕಾಡಿನಲ್ಲಿ ತೆಗೆದುಕೊಂಡ ಅಳತೆಗಳನ್ನೂ ಛಾಯಾಚಿತ್ರಗಳನ್ನೂ ಎದುರಿಗಿಟ್ಟುಕೊಂಡು, ಜೇಡಿಮಣ್ಣಿನಿಂದ ಒಂದೊಂದು ಸ್ನಾಯುವನ್ನೂ ತುಂಬಿ ತುಂಬಿ ಪೂರ್ಣಾಕೃತಿಯನ್ನು ಕಡೆದು ನಿಲ್ಲಿಸುವುದು ಮೊದಲನೆಯ ಹಂತ. ಆ ಮಣ್ಣಿನ ಮೂರ್ತಿಯ ಮೇಲೆ ಪ್ಲಾಸ್ಟರು ಸುರಿದು ತುಂಡುತುಂಡಾಗಿ ಅಚ್ಚು ತೆಗೆದು, ಅಚ್ಚಿನ ಒಳಮೈಗೆ ತೆಳುವಾಗಿ ಅಂಟನ್ನು ಬಳಿದು, ಅದರ ಮೇಲೆ ತೆಳ್ಳನೆಯ ಬಟ್ಟೆ, ಕಾಗದದ ಮುದ್ದೆ, ತಂತಿಬಲೆಗಳನ್ನು ಪದರಪದರವಾಗಿ ಹಾಸಿ, ಅರಗಿನ ವಾರ್ನಿಷಿನಿಂದ ಬಿಗಿಗೊಳಿಸಿ, ಕೊನೆಗೆ ನೀರಿನಲ್ಲಿ ನೆನೆಯಿಸಿದರೆ, ಅಂಟು ಕರಗಿ ಒಳಗಿನ ಚಿಪ್ಪು ಅಚ್ಚಿನಿಂದ ತಾನೇ ಬಿಡಿಸಿಕೊಳ್ಳುತ್ತದೆ. ಚಿಪ್ಪುಗಳನ್ನು ಕೂಡಿಸಿದಾಗ ದೊರೆಯುವುದು ಟೊಳ್ಳಾದ, ಹಗುರವಾದ, ಆದರೆ ಜೀವಂತ ಪ್ರಾಣಿಯ ಉಬ್ಬುತಗ್ಗುಗಳೆಲ್ಲವನ್ನೂ ಉಳಿಸಿಕೊಂಡ ದೇಹ. ಹದಮಾಡಿದ ಚರ್ಮವನ್ನು ಅದರ ಮೇಲೆ ಅಂಟಿಸಿ, ಸುಕ್ಕುಸುಕ್ಕನ್ನೂ ಕೈಯಿಂದ ತೀಡಿ ಕೂಡಿಸುವುದು ಕಡೆಯ ಕೆಲಸ. ಈ ಬುದ್ಧಿವಂತಿಕೆ ಅವನನ್ನು ಬೇರೆ ದಾರಿಗಳಿಗೂ ಕೊಂಡೊಯ್ದಿತು: ಕಾಂಕ್ರೀಟನ್ನು ಒತ್ತಡದಿಂದ ಚಿಮ್ಮಿಸುವ ಸಿಮೆಂಟ್ ಗನ್ ಎಂಬ ಯಂತ್ರವನ್ನೂ, ಓಡುವ ಮೃಗವನ್ನು ಸಲೀಸಾಗಿ ಹಿಂಬಾಲಿಸಬಲ್ಲ ಚಲನಚಿತ್ರದ ಕ್ಯಾಮೆರವೊಂದನ್ನೂ ಅವನೇ ನಿರ್ಮಿಸಿದನು. ಇಂದು ಸುರಂಗಗಳ ಗೋಡೆಗೆ ಕಾಂಕ್ರೀಟು ಸಿಂಪಡಿಸುವ ತಂತ್ರದ ಹಿಂದೆ ಜಿಂಕೆ ಆನೆಗಳನ್ನು ನಿಲ್ಲಿಸುತ್ತಿದ್ದ ಒಬ್ಬ ಶಿಲ್ಪಿಯ ಕೈಯಿದೆ.

1909ರಲ್ಲಿ ನ್ಯೂಯಾರ್ಕಿನ ವಸ್ತುಸಂಗ್ರಹಾಲಯ ಅವನನ್ನು ಕರೆಸಿಕೊಂಡಿತು. ಮರುವರ್ಷವೇ ಕೀನ್ಯ ಪರ್ವತದ ಬಿದಿರುಮೆಳೆಯಲ್ಲಿ ಆನೆಯೊಂದು ಅವನನ್ನು ನೆಲಕ್ಕೊತ್ತಿ ಜಜ್ಜಿತು. ಡೀಲಿಯಾ ಹೊರೆಯಾಳುಗಳನ್ನು ಕೂಡಿಸಿಕೊಂಡು ಮಳೆಯ ಕಾಡನ್ನು ನುಗ್ಗಿ ಅವನನ್ನು ತಲಪದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆ ಗಾಯಗಳಿಂದ ಚೇತರಿಸಿಕೊಳ್ಳುತ್ತಿದ್ದ ಕಾಲದಲ್ಲಿ ಆಫ್ರಿಕದ ಮಹಾಂಗಣದ ಕಲ್ಪನೆ ಅವನ ಮನಸ್ಸಿನಲ್ಲಿ ಪಕ್ವವಾಯಿತು: ನಡುವೆ ಆನೆಗಳು, ಸುತ್ತಲೂ ಕಿಟಕಿಗಳು, ಒಂದೊಂದರಲ್ಲಿಯೂ ಆ ಖಂಡದ ಒಂದೊಂದು ನೈಜ ನೆಲೆ. ಮೊದಲನೆಯ ಮಹಾಯುದ್ಧ ಅದನ್ನು ತಡೆದು ನಿಲ್ಲಿಸಿತು. ಹಣವೂ ಬೇಕಾಗಿತ್ತು.

1921ರಲ್ಲಿ ಅವನು ಗೊರಿಲ್ಲಗಳಿಗಾಗಿ ಬೆಲ್ಜಿಯನ್ ಕಾಂಗೊವಿಗೆ ಹೊರಟನು. ಅವನೊಡನೆ ಹರ್ಬರ್ಟ್ ಬ್ರಾಡ್ಲಿ, ಆತನ ಪತ್ನಿ ಮೇರಿ ಹೇಸ್ಟಿಂಗ್ಸ್ ಬ್ರಾಡ್ಲಿ, ಮತ್ತು ಅವರ ಆರು ವರ್ಷದ ಮಗಳು ಆಲಿಸ್ ಇದ್ದರು. ಆ ಮಗುವೇ ಮುಂದೆ ಜೇಮ್ಸ್ ಟಿಪ್‌ಟ್ರೀ ಎಂಬ ಗಂಡುಹೆಸರಿನಲ್ಲಿ ವಿಜ್ಞಾನಕಥೆಗಳನ್ನು ಬರೆದು ಪ್ರಖ್ಯಾತಳಾದಳು. ಅಂದಿನ ಜಗತ್ತಿಗೆ ಗೊರಿಲ್ಲವೆಂದರೆ ಬೇಟೆಗಾರರ ಕಥೆಗಳು ಕಟ್ಟಿಕೊಟ್ಟ ನರಭಕ್ಷಕಸದೃಶ ರಾಕ್ಷಸ. ಮಿಕೆನೊ ಮತ್ತು ಕರಿಸಿಂಬಿ ಪರ್ವತಗಳ ಮಂಜು ಮುಸುಕಿದ ಮಗ್ಗುಲಲ್ಲಿ ಏಕ್ಲಿಗೆ ಎದುರಾದದ್ದು ಬೇರೆಯೇ ಜೀವಿ: ಎಲೆ ತಿನ್ನುವ, ಮಕ್ಕಳನ್ನು ಸಾಕುವ, ತನ್ನನ್ನು ಕಾಡಿಸದವರನ್ನು ತಾನು ಕಾಡದ ಸಂಸಾರವಂತ ಪ್ರಾಣಿ. ಅವನು ಅವುಗಳನ್ನು ಕೊಂದನು. ಐದು ಗೊರಿಲ್ಲಗಳು ಆ ಯಾತ್ರೆಯಲ್ಲಿ ಸಂಗ್ರಹವಾದವು. ಸತ್ತ ಪ್ರಾಣಿಯ ಮುಖದ ಮೇಲೆ ಪ್ಲಾಸ್ಟರು ಹಾಕಿ ಅಚ್ಚು ತೆಗೆಯುವಾಗ ಆ ಮುಖದ ಸೌಮ್ಯತೆ ಅವನನ್ನು ಕಲಕಿತು. ವಿಜ್ಞಾನದ ಹೆಸರಿನ ರಕ್ಷೆ ಇಲ್ಲದಿದ್ದರೆ ತಾನು ಕೊಲೆಗಾರನೇ ಆಗಿಬಿಡುತ್ತಿದ್ದೆನೆಂಬ ಅರ್ಥದ ಮಾತನ್ನು ಅವನು ಮುಂದೆ ಬರೆದಿಟ್ಟನು. ಕಾಡಿನಲ್ಲಿ ಬದುಕಿರುವ ಗೊರಿಲ್ಲಗಳ ಮೊತ್ತಮೊದಲ ಚಲನಚಿತ್ರವನ್ನು ತೆಗೆದದ್ದೂ ಅದೇ ಯಾತ್ರೆಯಲ್ಲಿ.

ಬೇಟೆಯ ನಂತರದ ಪಶ್ಚಾತ್ತಾಪ ಜಗತ್ತಿನಲ್ಲಿ ಅಪರೂಪವೇನಲ್ಲ. ಪಶ್ಚಾತ್ತಾಪವನ್ನು ಕಾರ್ಯಕ್ಕೆ ತಿರುಗಿಸುವುದು ಅಪರೂಪ. ಏಕ್ಲಿ ಅಮೆರಿಕಕ್ಕೆ ಮರಳಿದವನೇ, ಆ ಪರ್ವತಗಳಲ್ಲಿ ಉಳಿದಿರುವ ಗೊರಿಲ್ಲಗಳಿಗೆ ಶಾಶ್ವತವಾದ ಅಭಯಾರಣ್ಯ ಬೇಕೆಂದು ಬೆಲ್ಜಿಯಮ್ಮಿನ ದೊರೆ ಆಲ್ಬರ್ಟನವರೆಗೆ ಬೇಡಿಕೆಯನ್ನು ಮುಟ್ಟಿಸಿದನು. 1925ರ ಏಪ್ರಿಲಿನಲ್ಲಿ ಆಲ್ಬರ್ಟ್ ರಾಷ್ಟ್ರೀಯ ಉದ್ಯಾನ ಘೋಷಿತವಾಯಿತು. ಆಫ್ರಿಕದ ಮೊದಲನೆಯ ರಾಷ್ಟ್ರೀಯ ಉದ್ಯಾನವೆಂದು ಪರಿಗಣಿತವಾದ ಅದರ ಇಂದಿನ ಹೆಸರು ವಿರುಂಗ. ಕಿಟಕಿಯೊಂದನ್ನು ಕಟ್ಟಹೊರಟ ಸಾಹಸ ಕಿಟಕಿ ಮುಗಿಯುವ ಮೊದಲೇ ಒಂದು ಅರಣ್ಯವನ್ನು ಕಾಪಾಡಿತು. ಒಂದು ಜಾಗವನ್ನು ಅಷ್ಟು ನಿಕಟವಾಗಿ ನೋಡಿದವನಿಗೆ ಅದು ಅಳಿಯಲೆಂದು ಬಿಟ್ಟು ಬರುವುದು ಸಾಧ್ಯವಾಗಲಿಲ್ಲ.

ಗೊರಿಲ್ಲಗಳು ದೊರೆತಿದ್ದವು, ಅವು ಬದುಕಿದ್ದ ಬೆಟ್ಟ ಇನ್ನೂ ಬರಬೇಕಾಗಿತ್ತು. ಕೊಡಾಕ್ ಕಂಪನಿಯ ಜಾರ್ಜ್ ಈಸ್ಟ್‌ಮನ್ ಮತ್ತು ಡೇನಿಯಲ್ ಪಾಮರಾಯ್ ಎಂಬ ಶ್ರೀಮಂತರ ಹಣದ ನೆರವಿನಿಂದ 1926ರಲ್ಲಿ ಮತ್ತೊಂದು ಯಾತ್ರೆ ಹೊರಟಿತು. ಈ ಸಲ ಬಂದೂಕಿನವರಿಗಿಂತ ಚಿತ್ರಫಲಕದವರು ಮುಖ್ಯ: ಅಮೆರಿಕದ ಪಶ್ಚಿಮ ಪ್ರಾಂತಗಳನ್ನು ಚಿತ್ರಿಸಿ ಹೆಸರಾದ ವಿಲಿಯಂ ಲೀ, ಅವನೊಡನೆ ಆರ್ಥರ್ ಜಾನ್ಸನ್. ಏಕ್ಲಿಯ ಎರಡನೆಯ ಪತ್ನಿ ಮೇರಿ ಜೋಬ್ ಜೊತೆಗಿದ್ದಳು. ದಾರಿಯುದ್ದಕ್ಕೂ ಜ್ವರದಿಂದ ಬಳಲುತ್ತಿದ್ದ ಏಕ್ಲಿ, ಮಿಕೆನೊ ಕರಿಸಿಂಬಿಗಳ ನಡುವಣ ಕಬಾರ ಎಂಬ ಹುಲ್ಲುಗಾವಲನ್ನು ತಲಪಿ, 1926ರ ನವೆಂಬರಿನಲ್ಲಿ ಅಲ್ಲಿಯೇ ಪ್ರಾಣಬಿಟ್ಟನು. ಅಲ್ಲಿಯೇ ಅವನ ಸಮಾಧಿಯಾಯಿತು. ಕಿಟಕಿಗಾಗಿ ಆರಿಸಿದ್ದ ತಾಣ ಅಲ್ಲಿಗೆ ಬಹುದೂರವೇನಲ್ಲ. ಮೇರಿ ಜೋಬ್ ಹಿಂದಿರುಗಲಿಲ್ಲ. ಉಳಿದವರನ್ನು ಕೂಡಿಕೊಂಡು, ಲೀ ಬಣ್ಣದ ಅಧ್ಯಯನಚಿತ್ರಗಳನ್ನು ಮುಗಿಸುವವರೆಗೆ, ಗಿಡಗಳ ಮಾದರಿಗಳೂ ಛಾಯಾಚಿತ್ರಗಳೂ ಕೂಡುವವರೆಗೆ, ಆ ಚಳಿಯ ಬೆಟ್ಟದ ಮೇಲೆಯೇ ನಿಂತು ಕೆಲಸ ನಡೆಸಿದಳು.

ಇಷ್ಟೆಲ್ಲವನ್ನೂ ಬೆಟ್ಟದ ಮೇಲಕ್ಕೂ ಬೆಟ್ಟದಿಂದ ಕೆಳಕ್ಕೂ ಹೊತ್ತವರು ಆಫ್ರಿಕದವರು. ಜಾಡು ಹಿಡಿದವರು, ಕಾಡುದಾರಿ ಕಡಿದವರು, ಚರ್ಮ ಸುಲಿದು ಉಪ್ಪು ಸವರಿದವರು ಅವರೇ. ಏಕ್ಲಿ ತನ್ನ ಪುಸ್ತಕದಲ್ಲಿ ಬಿಲ್ ಎಂದು ತಾನು ಕರೆಯುತ್ತಿದ್ದ ಕಿಕುಯು ತರುಣನನ್ನು ಕುರಿತು ಒಂದು ಅಧ್ಯಾಯವನ್ನೇ ಬರೆದಿದ್ದಾನೆಂಬುದು ಸಮಾಧಾನದ ಸಂಗತಿ. ಆದರೂ ಇಂಥ ಯಾತ್ರೆಗಳ ಹೊರೆ ಹೊತ್ತ ನೂರಾರು ಜನರಿಗೆ ವಸ್ತುಸಂಗ್ರಹಾಲಯಗಳ ಫಲಕಗಳಲ್ಲಿ ಸ್ಥಳ ದೊರೆತದ್ದು ತೀರ ವಿರಳ. ಗಾಜಿನಾಚೆಯ ಎಲೆಯ ನರವನ್ನು ಕೂಡ ತಪ್ಪದೆ ದಾಖಲಿಸಿದ ಒಂದು ವಿದ್ಯೆಯಲ್ಲಿ ಈ ಲೋಪ ಉಳಿದುಕೊಂಡಿತೆಂಬುದು ನೋವಿನ ಮಾತು.

ಇನ್ನು ಕಟ್ಟುವ ಕಾರ್ಯ. ಕಿಟಕಿಯ ಹಿಂದಿನ ಗೋಡೆ ಚಪ್ಪಟೆಯಾಗಿದ್ದರೆ ಮೂಲೆಗಳು ಕಾಣುತ್ತವೆ, ಮೂಲೆ ಕಂಡೊಡನೆ ಅದು ಕೋಣೆಯೆಂಬ ಅರಿವು ಮೂಡುತ್ತದೆ. ಆದುದರಿಂದ ಗೋಡೆಯನ್ನು ಬಿಲ್ಲಿನಂತೆ ಬಾಗಿಸಿ, ಮೇಲ್ಗಡೆ ಗುಮ್ಮಟದಂತೆ ಮುಂದಕ್ಕೆ ತಿರುಗಿಸಿ, ಚೌಕಟ್ಟಿಗೆ ತಂತಿಬಲೆ ಬಿಗಿದು ಪ್ಲಾಸ್ಟರು ಮೆತ್ತಿ, ನುಣುಪುಗೊಳಿಸಿದ ಮೈಗೆ ಕ್ಯಾನ್ವಾಸನ್ನು ಅಂಟಿಸುತ್ತಾರೆ. ಅದರ ಮೇಲೆ ತೈಲವರ್ಣ. ದಿಗಂತರೇಖೆಯನ್ನು ನೋಡುಗನ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಇರಿಸಲೇಬೇಕು. ಹಾಗಿಟ್ಟ ರೇಖೆಯೊಂದೇ ಬಾಗಿದ ಗೋಡೆಯ ಮೇಲೂ ನೇರವಾಗಿ ತೋರುತ್ತದೆ, ಅದರ ಮೇಲೆ ಕೆಳಗೆ ಎಳೆದ ಉಳಿದೆಲ್ಲ ಅಡ್ಡಗೆರೆಗಳೂ ಡೊಂಕಾಗಿ ಕಾಣುತ್ತವೆ. ಬೆಟ್ಟದ ಸಾಲು, ನದಿಯ ದಡ, ಬಿದ್ದ ಮರದ ಕಾಂಡ, ಇವುಗಳನ್ನು ಕಣ್ಣಿಗೆ ನೇರವಾಗಿಸಬೇಕಾದರೆ ಕೈಯಿಂದ ವಕ್ರವಾಗಿ ಬರೆಯಬೇಕು. ಹಳಬರು ಇದನ್ನು ಅಂದಾಜಿನಿಂದ ಸಾಧಿಸುತ್ತಿದ್ದರು: ಒಂದಿಷ್ಟು ಬರೆಯುವುದು, ಮೆಟ್ಟಿಲಿಳಿದು ಗಾಜಿರುವ ಸ್ಥಾನಕ್ಕೆ ಬಂದು ನೋಡುವುದು, ಮತ್ತೆ ಹೋಗಿ ತಿದ್ದುವುದು.

ಇದಕ್ಕೆ ಗಣಿತದ ಖಚಿತತೆಯನ್ನು ತಂದವನು ಜೇಮ್ಸ್ ಪೆರ್ರಿ ವಿಲ್ಸನ್. ವಾಸ್ತುಶಿಲ್ಪವನ್ನು ಓದಿ, ಬರ್ಟ್ರಮ್ ಗುಡ್‌ಹ್ಯೂ ಎಂಬ ಖ್ಯಾತ ವಾಸ್ತುಶಿಲ್ಪಿಯ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದ ಈತ, ಆರ್ಥಿಕ ಕುಸಿತದ ಕಾಲದಲ್ಲಿ ಉದ್ಯೋಗ ಕಳೆದುಕೊಂಡು 1934ರ ಸುಮಾರಿಗೆ ವಸ್ತುಸಂಗ್ರಹಾಲಯವನ್ನು ಸೇರಿದನು. ಸ್ಥಳದಲ್ಲಿಯೇ ನಿಂತು ಒಂದರೊಡನೊಂದು ಕೂಡಿಕೊಳ್ಳುವಂತೆ ತೆಗೆದ ಛಾಯಾಚಿತ್ರಗಳ ಮೇಲೆ ಚೌಕಳಿಗೆರೆಗಳನ್ನು ಎಳೆದು, ನೋಡುಗನು ನಿಲ್ಲುವ ಬಿಂದುವಿನಿಂದ ಕಣ್ಣಿಗೆ ಸಮಚೌಕವಾಗಿಯೇ ಕಾಣುವಂತೆ ಬಾಗಿದ ಗೋಡೆಯ ಮೇಲೆ ಲೆಕ್ಕಹಾಕಿ ವಿರೂಪಗೊಳಿಸಿದ ಚೌಕಳಿಯೊಂದನ್ನು ಎಳೆದು, ಚೌಕದಿಂದ ಚೌಕಕ್ಕೆ ದೃಶ್ಯವನ್ನು ದಾಟಿಸುವುದು ಅವನ ಪದ್ಧತಿ. ಬಣ್ಣದಲ್ಲಿಯೂ ಅವನದು ಇದೇ ನಿಷ್ಠೆ. ದಿಗಂತದ ಬಳಿಯ ಆಕಾಶ ತಿಳಿ, ನೆತ್ತಿಯ ಬಳಿಯದು ಗಾಢ. ಈ ಎರಡರ ನಡುವಣ ಸೂಕ್ಷ್ಮಾತಿಸೂಕ್ಷ್ಮ ಛಾಯೆಗಳನ್ನು ಮೊದಲೇ ಕಲೆಸಿಟ್ಟುಕೊಂಡು, ಪಟ್ಟಿಪಟ್ಟಿಯಾಗಿ ಬಳಿದು, ಸೇರುವೆ ತಿಳಿಯದಂತೆ ಬೆರೆಸುತ್ತಿದ್ದನು. ಲೀಯ ಹಿನ್ನೆಲೆಗಳಲ್ಲಿ ಲೀ ಇದ್ದಾನೆ: ಗುಲಾಬಿ, ನೇರಳೆಗಳ ಭಾವೋಜ್ವಲ ಆಕಾಶ, ಕುಂಚದ ಉತ್ಸಾಹ. ವಿಲ್ಸನ್ನನ ಹಿನ್ನೆಲೆಗಳಲ್ಲಿ ವಿಲ್ಸನ್ನನನ್ನು ಹುಡುಕಿದರೆ ಸಿಗುವುದಿಲ್ಲ. ಅಲ್ಲಿರುವುದು ಆ ದಿನದ ಹವೆ ಮಾತ್ರ. ಮಿನ್ನೆಸೋಟದ ಗನ್‌ಫ್ಲಿಂಟ್ ಸರೋವರದ ದಡದಲ್ಲಿ ಹಿಮದ ಮೇಲೆ ತೋಳಗಳು ಓಡುವ ಅವನ ಬೆಳದಿಂಗಳ ಕಿಟಕಿಯನ್ನು, ಮೇಲೆ ಉತ್ತರಧ್ರುವದ ಜ್ಯೋತಿ ಹಸುರಾಗಿ ಹರಡಿರುವ ಆ ರಾತ್ರಿಯನ್ನು, ನಾನು ಇಪ್ಪತ್ತನೆಯ ಶತಮಾನದ ಭೂದೃಶ್ಯಚಿತ್ರಗಳಲ್ಲಿ ಅತ್ಯುಚ್ಚ ಶ್ರೇಣಿಯಲ್ಲಿ ಇಡುತ್ತೇನೆ. ಆ ಚಿತ್ರವನ್ನು ಯಾವ ಕಲಾಶಾಲೆಯ ಗೋಡೆಗೂ ತೂಗಹಾಕಲಾಗುವುದಿಲ್ಲ. ಅದು ಇರುವಲ್ಲಿ ಮಾತ್ರ ಇರಬಲ್ಲುದು.

ಚಿತ್ರಿತ ಗೋಡೆ ಹಿಂದೆ, ಪ್ರತಿಮೆಗಳೂ ಗಿಡಗಳೂ ಮುಂದೆ. ಇವೆರಡೂ ಸಂಧಿಸುವ ಗೆರೆ ಈ ಕಲೆಯ ಮರ್ಮಸ್ಥಾನ. ಮುಂದಿನ ನೆಲದ ಮಣ್ಣಿನ ಬಣ್ಣ ಚಿತ್ರದ ಮಣ್ಣಿನ ಬಣ್ಣದೊಳಗೆ ಸೀಮೆಯಿಲ್ಲದೆ ಕರಗಬೇಕು. ಹತ್ತಿರದ ಪೊದೆ ಪೂರ್ಣಗಾತ್ರದ್ದು, ಅದರ ಹಿಂದಿನದು ಕೊಂಚ ಕಿರಿದು, ಅದರ ಹಿಂದಿನದು ಅರೆ ಉಬ್ಬಿನದು, ಅದರಾಚೆಯದು ಬರಿಯ ಬಣ್ಣ. ಎಲ್ಲಿ ವಸ್ತು ಮುಗಿದು ಎಲ್ಲಿ ಭ್ರಮೆ ಆರಂಭವಾಯಿತೆಂದು ಕಣ್ಣು ಎಷ್ಟು ತಡಕಿದರೂ ಬೆರಳಿಟ್ಟು ತೋರಿಸಲಾಗಬಾರದು. ಹುಲ್ಲನ್ನು ಒಣಗಿಸಿ ಮತ್ತೆ ಹಸುರು ಕೊಟ್ಟು ಎಸಳೆಸಳಾಗಿ ನೆಡುತ್ತಾರೆ; ಮರಗಳಿಗೆ ನಿಜವಾದ ತೊಗಟೆಯನ್ನೇ ಸುಲಿದು ತಂದು ಚೌಕಟ್ಟಿಗೆ ಹೊದಿಸುತ್ತಾರೆ; ಬಂಡೆಗಳು ಭಾರವಾದುದರಿಂದ ಅವುಗಳ ಅಚ್ಚಿನಿಂದ ಪ್ಲಾಸ್ಟರಿನ ಟೊಳ್ಳುಬಂಡೆಗಳನ್ನು ಎರೆಯುತ್ತಾರೆ. ಗೊರಿಲ್ಲಗಳ ಕಿಟಕಿಯಲ್ಲಿ ಹಸುರಿನ ದಟ್ಟಣೆಯೇ ದೃಶ್ಯದ ಪ್ರಾಣವಾದ್ದರಿಂದ, ಎಲೆ ಮಾಡುವವರ ಕೆಲಸ ಅಲ್ಲಿ ಮೃಗ ನಿಲ್ಲಿಸುವವರ ಕೆಲಸಕ್ಕಿಂತ ಕಡಿಮೆಯದಾಗಿರಲಿಲ್ಲ. ಬೆಟ್ಟದಿಂದ ತಂದ ಮಾದರಿಯೊಡನೆ ಹೋಲಿಸಿ ಒಂದೊಂದು ಗಿಡದ ಎಲೆಯನ್ನೂ ಬೇರೆಬೇರೆ ಗಾತ್ರಗಳಲ್ಲಿ ಎರೆದು, ಹುಳು ತಿಂದ ಎಲೆಗೆ ತೂತನ್ನು ಕೂಡ ಇಟ್ಟು, ಕೊಂಬೆಗೆ ಕಟ್ಟಿದರು.

ಕೊನೆಯದಾಗಿ ಗಾಜು ಮತ್ತು ಬೆಳಕು. ಗಾಜು ನೆಟ್ಟಗೆ ನಿಂತರೆ ಅದರಲ್ಲಿ ನೋಡುಗನಿಗೆ ತನ್ನ ಮುಖವೇ ಕಾಣುತ್ತದೆ. ಅದರ ಮೇಲಂಚನ್ನು ನೋಡುಗನ ಕಡೆಗೆ ವಾಲಿಸಿದಾಗ, ಪ್ರತಿಬಿಂಬಿಸುವುದಕ್ಕೆ ಗಾಜಿಗೆ ಸಿಗುವುದು ಕತ್ತಲಾದ ನೆಲ ಮಾತ್ರ. ಅಂಗಣವನ್ನು ಮಂದಾಂಧಕಾರದಲ್ಲಿ ಇರಿಸಿದ್ದರ ಕಾರಣವೂ ಇದೇ. ದೀಪಗಳು ಮೇಲ್ಗಡೆ ಮರೆಯಲ್ಲಿವೆ. ಚಿತ್ರದಲ್ಲಿ ಸೂರ್ಯ ಯಾವ ಕಡೆಯಿದ್ದಾನೆಯೋ ಆ ಕಡೆಯಿಂದಲೇ ಪ್ರತಿಮೆಗಳ ಮೇಲೂ ಬೆಳಕು ಬೀಳಬೇಕು, ಆದರೆ ಗೊರಿಲ್ಲದ ನೆರಳು ಹೋಗಿ ಮೈಲಿಗಳಾಚೆಯ ಬೆಟ್ಟದ ಮೇಲೆ ಬೀಳಬಾರದು. ಏಕ್ಲಿ ತೀರಿಕೊಂಡ ಮೇಲೆ ಜೇಮ್ಸ್ ಕ್ಲಾರ್ಕ್ ಎಂಬಾತನ ಮೇಲ್ವಿಚಾರಣೆಯಲ್ಲಿ ಇಂಥ ನೂರೆಂಟು ಸೂಕ್ಷ್ಮಗಳನ್ನು ಬಗೆಹರಿಸಿಕೊಂಡು, 1936ರ ಮೇ 19ರಂದು, ಏಕ್ಲಿಯ ಜನ್ಮದಿನದಂದು, ಅವನದೇ ಹೆಸರಿನ ಆ ಅಂಗಣ ಜನರಿಗೆ ತೆರೆಯಿತು.

ಏಕ್ಲಿಯ ಕಾಲದಲ್ಲಿಯೇ ನಮ್ಮ ಮೈಸೂರಿನಲ್ಲಿಯೂ ಈ ವಿದ್ಯೆಯ ಒಂದು ಅರ್ಧ ಪರಿಪೂರ್ಣತೆಯನ್ನು ಮುಟ್ಟಿತ್ತೆಂಬುದನ್ನು ಕನ್ನಡಿಗರು ನೆನೆಯಬೇಕು. ವ್ಯಾನ್ ಇಂಗನ್ ಮನೆತನದ ಕಾರ್ಯಾಗಾರ ಇಪ್ಪತ್ತನೆಯ ಶತಮಾನದ ಆದಿಯಿಂದ 1999ರವರೆಗೆ ಮೈಸೂರಿನಲ್ಲಿ ನಡೆಯಿತು. ಹುಲಿ ಚಿರತೆಗಳ ಮೈಯನ್ನು ಕಾಗದದ ಮುದ್ದೆಯ ಹಗುರಾದ ಅಚ್ಚಾಕೃತಿಗಳ ಮೇಲೆ ನಿಲ್ಲಿಸುವುದರಲ್ಲಿ ಅದರ ಕುಶಲಿಗಳಿಗೆ ಸಮಾನರು ವಿರಳವಾಗಿದ್ದರು. ಗರ್ಜಿಸುವ ಹುಲಿಯ ಮೂತಿಯ ಸುಕ್ಕುಗಳನ್ನು ಅವರು ಮೂಡಿಸಿದ ಬಗೆಯನ್ನು ಕಂಡವರು ಮರೆಯಲಾರರು. ಆದರೆ ಆ 'ಹುಲಿಗಳು' ಹೋದದ್ದು ಅರಮನೆಗಳ ಗೋಡೆಗೆ, ಬಂಗಲೆಗಳ ನೆಲಹಾಸಿಗೆ. ಬೇಟೆಯಾಡಿದವನ ಹೆಸರು, ತಾರೀಕು, ಅಡಿ ಅಂಗುಲಗಳ ಲೆಕ್ಕ ಅವುಗಳೊಡನೆ ಉಳಿಯಿತು. ಅವು ನಡೆದಾಡಿದ ಕಾಕನಕೋಟೆಯ ಬಿದಿರು, ಬಂಡೀಪುರದ ಒಣಹುಲ್ಲು ಉಳಿಯಲಿಲ್ಲ. ಕೈಚಳಕ ಎರಡು ಕಡೆಯೂ ಒಂದೇ ಎತ್ತರದ್ದು. ಮೃಗವನ್ನು ಅದರ ಕಾಡಿನೊಡನೆ ಉಳಿಸಿ ಎಂದು ಮೈಸೂರಿನ ಕುಶಲಿಗಳನ್ನು ಆ ಕಾಲದಲ್ಲಿ ಕೇಳುವವರಿದ್ದಿದ್ದರೆ ಏನೇನಾಗುತ್ತಿತ್ತೆಂದು ಯೋಚಿಸಿ ನಾನು ಅನೇಕ ಸಲ ವ್ಯಥೆಪಟ್ಟಿದ್ದೇನೆ. ಮುಂಬಯಿಯಲ್ಲಿ ಹಾಗೆ ಕೇಳಿದವನು ಸ್ಟ್ಯಾನ್ಲಿ ಪ್ರೇಟರ್: 1920ರ ದಶಕದಲ್ಲಿ ಇಂಗ್ಲೆಂಡ್ ಅಮೆರಿಕಗಳ ಪ್ರದರ್ಶನಕ್ರಮವನ್ನು ಅಭ್ಯಾಸಮಾಡಿ ಬಂದು, ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಭಾರತದ ಪ್ರಾಣಿಪಕ್ಷಿಗಳನ್ನು ಅವುಗಳ ಪರಿಸರದೊಡನೆ ಗಾಜಿನ ಹಿಂದೆ ನಿಲ್ಲಿಸುವ ಕಾರ್ಯವನ್ನು ನಡೆಸಿದನು. 1926ರಲ್ಲಿ ಆ ಸಂಗ್ರಹಾಲಯಕ್ಕೆ ಮಾರ್ಗದರ್ಶಕ ಉಪನ್ಯಾಸಕನಾಗಿ ಸೇರಿದ ತರುಣ ಸಲೀಂ ಅಲಿ ಶಾಲಾಬಾಲಕರಿಗೆ ಆ ಗಾಜುಗಳ ಎದುರು ನಿಂತು ಪಾಠ ಹೇಳುತ್ತಿದ್ದರು. ಮೈಸೂರಿನ ಕಾರಂಜಿ ಕೆರೆಯ ದಡದಲ್ಲಿ 1995ರಲ್ಲಿ ತೆರೆದ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯದಲ್ಲಿ ಇಂದಿನ ಮಕ್ಕಳು ಅದೇ ಪರಂಪರೆಯ ಕಿಟಕಿಗಳನ್ನು ನೋಡುತ್ತಾರೆ.

ಬೆಳಕೇ ಈ ಕಿಟಕಿಗಳ ಜೀವ, ಬೆಳಕೇ ಅವುಗಳ ಶತ್ರು. ದಶಕಗಟ್ಟಲೆ ದೀಪದ ಕೆಳಗೆ ನಿಂತ ಕೂದಲು ಬಿಳಿಚಿಕೊಳ್ಳುತ್ತದೆ, ಎಲೆಗಳ ಹಸುರು ಇಳಿಯುತ್ತದೆ. 1942ರಲ್ಲಿ ತೆರೆದಿದ್ದ ಉತ್ತರ ಅಮೆರಿಕದ ಸಸ್ತನಿಗಳ ಅಂಗಣವನ್ನು ಅದೇ ನ್ಯೂಯಾರ್ಕ್ ಸಂಸ್ಥೆ 2011-12ರಲ್ಲಿ ಜೀರ್ಣೋದ್ಧಾರ ಮಾಡಿದಾಗ, ತಾಪ ಕಡಿಮೆಯಾದ ಹೊಸ ದೀಪಗಳನ್ನು ಅಳವಡಿಸಿ, ಬಣ್ಣಗೆಟ್ಟ ಕಾಡೆಮ್ಮೆಗಳ ಮೈಗೆ ಕೂದಲನ್ನು ಕೆಡಿಸದ ವರ್ಣದ್ರವಗಳನ್ನು ತೆಳುವಾಗಿ ಸಿಂಪಡಿಸಿ ಹಳೆಯ ಕಂದನ್ನು ಮರಳಿಸಿದರು. ವಿಲ್ಸನ್ನನ ಆಕಾಶಗಳನ್ನು ಮಾತ್ರ ಆದಷ್ಟೂ ಮುಟ್ಟದೆ ಶುಚಿಗೊಳಿಸಿದರು.

ಗೊರಿಲ್ಲಗಳ ಕಿಟಕಿಗೆ ಬೇರೊಂದು ಬಗೆಯ ಪರೀಕ್ಷೆ ನಡೆಯಿತು. ಆ ಸಂಸ್ಥೆಯ ಕಲಾವಿದ ಸ್ಟೀಫನ್ ಕ್ವಿನ್ 2010ರಲ್ಲಿ ಚಿತ್ರಫಲಕವನ್ನು ಕಟ್ಟಿಕೊಂಡು ಮಿಕೆನೊ ಪರ್ವತಕ್ಕೆ ಹೋಗಿ, ಲೀ ನಿಂತಿದ್ದ ತಾಣವನ್ನು ಹುಡುಕಿ, ಅದೇ ದಿಕ್ಕಿನ ನೋಟವನ್ನು ಮತ್ತೆ ಬರೆದರು. ಏಕ್ಲಿ ಅಲ್ಲಿ ಮಡಿದ ತರುವಾಯ ಕಬಾರದ ಹುಲ್ಲುಗಾವಲಿನಲ್ಲಿ 1959ರಲ್ಲಿ ಜಾರ್ಜ್ ಶಾಲರ್, 1967ರಲ್ಲಿ ಡಯಾನ್ ಫಾಸಿ ಬಿಡಾರ ಹೂಡಿ ಗೊರಿಲ್ಲಗಳನ್ನು ಅಭ್ಯಾಸ ಮಾಡಿದ್ದರು. ಯುದ್ಧಗಳೂ ಬೇಟೆಗಾರರೂ ನಿರಾಶ್ರಿತರೂ ಆ ಕಾಡನ್ನು ಹಾದುಹೋಗಿದ್ದರು. 1980ರ ದಶಕದ ಆದಿಯಲ್ಲಿ ವಿರುಂಗ ಪರ್ವತಸಮೂಹದಲ್ಲಿ ಉಳಿದಿದ್ದ ಗೊರಿಲ್ಲಗಳು ಸುಮಾರು 250. 2015-16ರ ಗಣತಿಯಲ್ಲಿ ಅವು 604 ಆಗಿದ್ದವು. ಆ ನೆಲವನ್ನು 'ಒಂದು ಕಾಡು' ಎಂದು ಮಾತ್ರ ಚಿತ್ರಿಸಿದ್ದಿದ್ದರೆ ಕ್ವಿನ್ ಅವರಿಗೆ ಹೋಲಿಸಿ ನೋಡುವುದಕ್ಕೆ ಏನೂ ಇರುತ್ತಿರಲಿಲ್ಲ. ಲೀ ಬರೆದ ಬೆಟ್ಟದ ಅಂಚು ಇಂಥದೇ ಬೆಟ್ಟದ್ದಾದ್ದರಿಂದ, ಯಾವುದು ಉಳಿದಿದೆ, ಯಾವುದು ಸರಿದಿದೆ ಎಂಬುದನ್ನು ಅವರು ತಮ್ಮ ಫಲಕದ ಮೇಲೆ ಗುರುತು ಹಾಕಿಕೊಳ್ಳುವುದು ಸಾಧ್ಯವಾಯಿತು.